ಸತು, ಸತ್ತು

ಇಂಡಿ ರೋಡಿಗೆ, ಹಳೇ ಟೈರುಗಳ ಗುಡ್ಡೆಯ ಹಿಂದೆ
ಡೋಂಗ್ರಿಸಾಬರ ರೇಡಿಯೇಟರ್ ಅಂಗಡಿ.
ಅಲ್ಲಿ ನನ್ನ ಮೊದಲ ಕೆಲಸ ಸೆಲ್ಲು ಸುಲಿಯುವುದು.
ವಿಜಾಪುರವೆಲ್ಲ ಬೀಸಾಕಿದ ಟಾರ್ಚಿನ ಸೆಲ್ಲು,
ಶೇಂಗಾ ಸುಲಿದಂತೆ ಸುಲಿ:
ಕರಿ ಹಿಟ್ಟು ಆ ಕಡೆ, ಇದ್ದಿಲ ಕಡ್ಡಿ ಈ ಕಡೆ,
ಕೈಯಲ್ಲಿ ಉಳಿಯುವುದು ಬೂದು ಬಣ್ಣದ ತಗಡು.
‘ಇದು ಸತು. ತೊಳಿ. ಒರಸು.
ಕತ್ತರಸು, ಉಗುರಷ್ಟಽ.’

ಆಮೇಲೆ ಭರಣಿ ಬಯಲಿಗೆ ಬರುತ್ತದೆ,
ಒಂದು ಕಾಲಕ್ಕೆ ಮಾವಿನ ಉಪ್ಪಿನಕಾಯಿಯದು,
ಈಗ ಅರ್ಧ ಮಟ ಉಪ್ಪಿನ ತೇಜಾಬು.
ಬೀಸುವ ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು.
ಒಂದೊಂದೇ ತುಂಡು.
ಒಮ್ಮೆಲೇ ಸುರಿದರೆ ಮೈಮೇಲೆ ಬರುತ್ತದೆ.
ಒಲೆಯಿಲ್ಲದೆ ಕುದಿಯುತ್ತದೆ, ಭರಣಿಯ ಹೊಟ್ಟೆ ಬಿಸಿಯಾಗುತ್ತದೆ,
ಉಸ್ತಾದರು ಪಾನಂಗಡಿಯತ್ತ ಕೂಗುತ್ತಾರೆ:
‘ಬೀಡಿ ಆರಸಲೇ ಮಲ್ಕಪ್ಪಾ,
ಇದರ ಉಸುರಿಗೆ ಬೆಂಕಿ ಹತ್ತತೈತಿ!’

ಎಷ್ಟು ಹಾಕಿದರೆ ಸಾಕು?
‘ಅದಽ ಹೇಳತೈತಿ.
ಗುಳ್ಳಿ ನಿಂತಿರಬೇಕು, ತಳದಾಗ ಸತು ಉಳಿದಿರಬೇಕು,
ಉಂಡಾಂವ ತಾಟಿನಾಗ ರೊಟ್ಟಿ ಬಿಟ್ಟಂಗ.
ರೊಟ್ಟಿ ಉಳದಿಲ್ಲ ಅಂದ್ರ ಇನ್ನಾ ಹಸದೈತಿ,
ನಿನ್ನ ಕೈ ತಿಂತೈತಿ.’
ಇಡೀ ರಾತ್ರಿ ಬಿಟ್ಟು, ಬೆಳಿಗ್ಗೆ ಬಟ್ಟೆಯಲ್ಲಿ ಸೋಸುವಾಗ
ಮೆಲ್ಲಗೆ, ಯಾರದೋ ಮನೆಯ ಸುದ್ದಿಯಂತೆ:
‘ಸತ್ತೈತಿ.’

ಸತ್ತದ್ದಕ್ಕೆ ಎಷ್ಟು ಕಸುವು!
ಕುಂಚದಲ್ಲಿ ಸವರಿದರೆ ಹಿತ್ತಾಳೆಯ ಕಿಲುಬು ಕರಗಿ
ಒಳಗಿನ ಹಳದಿ ಕಣ್ಣು ಬಿಡುತ್ತದೆ.
ಕಾದ ಬೆಸುಗೆ ಒಂದು ಕ್ಷಣ ಮುತ್ತಾಗಿ ನಿಂತು
ಹರಿಯುತ್ತದೆ, ಬಿರುಕು ಎಲ್ಲಿದೆಯೋ ಅಲ್ಲಿಗೇ.
ಮುಗಿದ ಕೂಡಲೆ ತೊಳೆಯಬೇಕು.
ಮರೆತರೆ, ತಾನೇ ಕೂಡಿಸಿದ್ದನ್ನು ತಾನೇ ತಿನ್ನುತ್ತದೆ.
ನನ್ನ ಪ್ಯಾಂಟಿನ ಮೊಳಕಾಲು ಜರಡಿಯಾಗಿತ್ತು.

ಸೋರುವ ಜೀಪು ತಂದಿದ್ದ ಸಾವಳಗಿ ಟೀಚರು
ಶಟರಿನ ಮೇಲೆ ಸೀಮೆಸುಣ್ಣದಲ್ಲಿ ಬರೆದರು:
ಒಂದು ಸತು, ಎರಡು ಕ್ಲೋರಿನ್. ‘ಇದೊಂದು ಲವಣ.’
‘ಲವಣ ಅಂದ್ರ ಉಪ್ಪಽ ಅಲ್ಲೇನ್ರಿ?
ನಾಲಿಗಿಗೆ ಮಾತ್ರ ಹಚ್ಚಬ್ಯಾಡ್ರಿ’ ಅಂದರು ಉಸ್ತಾದರು.
ಶಾಲೆಗೆ ಒಂದಿಷ್ಟು ಒಣಗಿಸಿ ಕೊಡಿ, ಎಂದು ಹೋದರು ಅವರು.

ನೀರೆಲ್ಲ ಹಾರಿಸಿ, ಬಿಳಿ ಹಕ್ಕಳೆ ಕೆರೆದು,
ತಾಟಿನಲ್ಲಿ ಹಾಕಿ, ಕಿಟಕಿಯಲ್ಲಿಟ್ಟು ಮಲಗಿದೆ.
ಬೆಳಿಗ್ಗೆ ತಾಟಿನ ತುಂಬ ನೀರು.
ಉಸ್ತಾದರ ಮಗಳು ಜೈತೂನಳಿಗೆ ಬಿತ್ತು ಬೆನ್ನಿಗೊಂದು,
‘ಕೊಡ ತರೂವಾಗ ಕಣ್ಣು ಎಲ್ಲಿಟ್ಟಿದ್ದಿ?’
ಅವಳು ಅಳಲಿಲ್ಲ.
‘ನಾ ಚೆಲ್ಲಿಲ್ಲ’ ಅಂದಳು, ಒಂದೇ ಸಲ.

ಮತ್ತೆ ಒಣಗಿಸಿದೆ. ಈ ಸಲ ಕಾವಲು ಕೂತೆ,
ಅವಳೂ ಬಾಗಿಲಲ್ಲಿ.
ಮೇ ತಿಂಗಳು. ಹಿಂಡಿ ಹಾಕಿದ ಲುಂಗಿ
ಒಂದು ಬೀಡಿ ಮುಗಿಯುವಷ್ಟರಲ್ಲಿ ಸೆಟೆಯುವ ಊರು,
ತುಟಿ ಒಡೆದು ಮಾತೇ ಉರಿಯುವ ಗಾಳಿ.
ಮೊದಲು ಪುಡಿಯ ಅಂಚು ಮಿರುಗಿತು,
ಆಮೇಲೆ ಒಂದಕ್ಕೊಂದು ಅಂಟಿತು,
ದೀಪ ಹತ್ತಿರ ಹಿಡಿದೆವು: ಒಂದು ಹನಿ.
ಮೋಡ ಕಾಣದ ಆಕಾಶದ ಯಾವ ಜೇಬಿನಿಂದ
ಎಳೆದುಕೊಂಡಿತೋ.
ಜೈತೂನ ಹೋಗಿ ಅಪ್ಪನನ್ನು ಎಬ್ಬಿಸಿ ತಂದಳು.
ಅವರು ತುಂಬಾ ಹೊತ್ತು ನೋಡಿದರು, ತಾಟನ್ನೇ.
ಮರುದಿನ ಮಗಳಿಗೆ ಕಲ್ಲಂಗಡಿ ಬಂತು.
ಏಟು ಮಾತ್ರ ಬಿದ್ದಲ್ಲೇ ಇತ್ತು.

ಮೂರನೇ ಸಲ, ಬಿಸಿ ಇರುವಾಗಲೇ ಬಾಟಲಿಗೆ ತುಂಬಿ
ಬಿರಡೆಯ ಸುತ್ತ ಮೇಣ ಹಚ್ಚಿದೆವು.
ಚೀಟಿ ಬರೆದವನು ನಾನು.
ಸತುವಿಗೆ ಒಂದು ತ-ಒತ್ತು ಹೆಚ್ಚಾಗಿ
‘ಸತ್ತು ಕ್ಲೋರೈಡ್’ ಆಯಿತು.
ಟೀಚರು ಕೆಂಪು ಪೆನ್ನು ತೆಗೆದು, ಒತ್ತಿನ ಮೇಲೆ ಹಿಡಿದು,
ಏನೋ ನೆನಪಾದವರಂತೆ ಮುಚ್ಚಿಟ್ಟರು.

ವರ್ಷ ಕಳೆದು ಬಾಟಲಿ ವಾಪಸ್ಸು ಬಂತು, ಖಾಲಿ.
ತೊಳೆಯುವುದು ಬಿಟ್ಟು, ಅರಿವೆಯಲ್ಲಿ ಒರೆಸಿ
ಬಿಸಿಲಿಗಿಟ್ಟೆ. ಸಂಜೆಗೆ ಜೈತೂನ ಕೂಗಿದಳು,
‘ಬಾ ಇಲ್ಲಿ, ನಾ ಮುಟ್ಟಿಲ್ಲ ಮತ್ತ.’
ತಳದಲ್ಲಿ, ಉಗುರಷ್ಟು, ಹಸಿ.